ಕಡಲ್ಗಳ್ಳರ ದಿನ, ಇಡ್ಲಿ ದಿನ, ಪೈ ದಿನ: ಇವನ್ನೆಲ್ಲ ಯಾರು ಮಾಡ್ತಾರೆ?

ಬೆಳಗ್ಗೆ ಎದ್ದು ಫೋನ್ ನೋಡಿದರೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಶುಭಾಶಯ ಕಾದಿರುತ್ತದೆ. ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ. ಮಾರ್ಚ್ 30ಕ್ಕೆ ಇಡ್ಲಿ ದಿನ. ಆಗಸ್ಟ್ 8ಕ್ಕೆ ಬೆಕ್ಕಿನ ದಿನ. ಸೆಪ್ಟೆಂಬರ್ 19ಕ್ಕೆ ಕಡಲ್ಗಳ್ಳರ ಹಾಗೆ ಮಾತಾಡುವ ದಿನ. ನಮ್ಮ ಅತ್ತೆ ಒಮ್ಮೆ ಇಡ್ಲಿ ಚಿತ್ರದ ಕೆಳಗೆ ಕೇಳಿದರು: "ಇದನ್ನೆಲ್ಲ ಯಾರು ಮಾಡ್ತಾರೆ? ಸರ್ಕಾರದವರಾ?"

ಗುಂಪಿನಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಇದರ ಹಿಂದೆ ಬಲು ಸೊಗಸಾದ ಕಥೆಗಳಿವೆ ಅಂತ ಗೊತ್ತಾಯಿತು. ಕೆಲವು ದಿನಗಳ ಹಿಂದೆ ವಿಶ್ವಸಂಸ್ಥೆ ಇದೆ. ಕೆಲವುಗಳ ಹಿಂದೆ ಬಿಸ್ಕತ್ತು ಕಂಪನಿ ಇದೆ. ಇನ್ನು ಕೆಲವುಗಳ ಹಿಂದೆ ಇರುವುದು ಇಬ್ಬರು ಗೆಳೆಯರು ಮಾತ್ರ.

ಹಬ್ಬ, ರಜೆ, ದಿನ: ಮೂರೂ ಬೇರೆ

ಇಂಗ್ಲಿಷಿನ 'ಹಾಲಿಡೇ' ಮೊದಲು 'ಹೋಲಿ ಡೇ', ಅಂದರೆ ಪವಿತ್ರ ದಿನ ಆಗಿತ್ತು. ಈಗ ಹಬ್ಬಕ್ಕೂ ಅದೇ ಪದ, ರಜೆಗೂ ಅದೇ ಪದ, ಕಡಲ್ಗಳ್ಳರ ದಿನಕ್ಕೂ ಅದೇ ಪದ. ಗೊಂದಲ ಶುರುವಾಗುವುದೇ ಇಲ್ಲಿ. ಕನ್ನಡದಲ್ಲಿ ನಮಗೆ ಆ ತೊಂದರೆ ಇಲ್ಲ.

ಹಬ್ಬವನ್ನು ಯಾರೂ ಘೋಷಣೆ ಮಾಡುವುದಿಲ್ಲ. ಅದು ಊರಿನಿಂದ, ಮನೆಯಿಂದ, ಪಂಚಾಂಗದಿಂದ ಬರುತ್ತದೆ. ರಜೆಯನ್ನು ಸರ್ಕಾರ ಕೊಡಬೇಕು. ನಮ್ಮಲ್ಲಿ ಬ್ಯಾಂಕುಗಳಿಗೆ ಸಿಗುವ ಸಾರ್ವತ್ರಿಕ ರಜೆಗಳು ಇವತ್ತಿಗೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಅಡಿಯಲ್ಲೇ ಘೋಷಣೆ ಆಗುತ್ತವೆ. ಚೆಕ್ಕು, ಹುಂಡಿಗಳ ಬಗ್ಗೆ ಮಾಡಿದ ಕಾಯ್ದೆ ಅದು. ಚೆಕ್ಕಿನ ಹಣ ಯಾವತ್ತು ಸಂದಾಯವಾಗಬೇಕು ಅಂತ ಹೇಳಬೇಕಾದರೆ ಬ್ಯಾಂಕು ಯಾವತ್ತು ಮುಚ್ಚಿರುತ್ತದೆ ಅಂತಲೂ ಹೇಳಲೇಬೇಕಲ್ವಾ? ಹಾಗಾಗಿ ರಜೆ ಅಲ್ಲಿ ಸೇರಿಕೊಂಡಿತು.

ಮೂರನೆಯದು ದಿನಾಚರಣೆ. ಇದಕ್ಕೆ ರಜೆ ಇಲ್ಲ, ಪೂಜೆ ಇಲ್ಲ, ಕಟ್ಟುಪಾಡು ಇಲ್ಲ. "ಈ ದಿನ ಇದನ್ನು ನೆನೆಯೋಣ" ಎಂಬ ಆಹ್ವಾನ ಮಾತ್ರ. ಆಹ್ವಾನ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ವಿಚಿತ್ರ ದಿನಗಳೆಲ್ಲ ಹುಟ್ಟುವುದು ಈ ಜಾಗದಲ್ಲೇ.

ಕ್ಯಾಲೆಂಡರಿಗೆ ಒಂದು ದಿನ ಸೇರುವುದು ಹೇಗೆ?

ಎಲ್ಲಕ್ಕಿಂತ ಗಟ್ಟಿ ದಾರಿ ವಿಶ್ವಸಂಸ್ಥೆಯದು. ಯಾವುದಾದರೂ ದೇಶ ಪ್ರಸ್ತಾಪ ತರಬೇಕು, ಸಾಮಾನ್ಯ ಸಭೆ ಅದನ್ನು ನಿರ್ಣಯವಾಗಿ ಒಪ್ಪಬೇಕು. ಜೂನ್ 21ರ ಯೋಗ ದಿನ ಬಂದದ್ದು ಹೀಗೆ. ಭಾರತ ತಂದ ಆ ಪ್ರಸ್ತಾಪಕ್ಕೆ 177 ದೇಶಗಳು ಜೊತೆಯಾಗಿ ಸಹಿ ಹಾಕಿದ್ದವು. 2014ರ ಡಿಸೆಂಬರ್ 11ರಂದು ನಿರ್ಣಯ ಪಾಸಾಯಿತು. ಇದೇ ದಾರಿಯಲ್ಲಿ ಸೈಕಲ್ಲಿಗೆ ಜೂನ್ 3, ಬೇಳೆಕಾಳಿಗೆ ಫೆಬ್ರವರಿ 10, ಆಲೂಗಡ್ಡೆಗೆ ಮೇ 30, ಟ್ಯೂನಾ ಮೀನಿಗೆ ಮೇ 2 ಸಿಕ್ಕಿವೆ. ಆಲೂಗಡ್ಡೆ ದಿನದ ಪ್ರಸ್ತಾಪ ತಂದದ್ದು ಪೆರು ದೇಶ. ಆಲೂಗಡ್ಡೆಯ ತವರು ಆ ಕಡೆಯ ಬೆಟ್ಟಗಳೇ. ಕೇಳಲು ತಮಾಷೆ ಅನಿಸಿದರೂ ಇವು ಅನ್ನ ಮತ್ತು ದುಡಿಮೆಯ ವಿಷಯಗಳು.

ಎರಡನೆಯ ದಾರಿ ಒಂದು ದೇಶದ ಸರ್ಕಾರದ್ದು. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1984ರಲ್ಲಿ ಜುಲೈ ತಿಂಗಳ ಮೂರನೇ ಭಾನುವಾರವನ್ನು ಐಸ್‌ಕ್ರೀಮ್ ದಿನ ಅಂತ ಘೋಷಣೆ ಮಾಡಿದರು. ಅಂಥ ಮಸೂದೆಗಳು ಅಲ್ಲಿ ಎಷ್ಟು ಜಾಸ್ತಿಯಾದವು ಅಂದರೆ, ಸಂಸತ್ತು ಪಾಸು ಮಾಡುವ ಕಾಯ್ದೆಗಳಲ್ಲಿ ದೊಡ್ಡ ಪಾಲು ಅವೇ ಆಗತೊಡಗಿದವು. 1995ರಲ್ಲಿ ಅಲ್ಲಿನ ಕೆಳಮನೆ ದಿನಾಚರಣೆಯ ಮಸೂದೆಗಳನ್ನೇ ತರಬಾರದೆಂದು ನಿಯಮ ಮಾಡಿಕೊಂಡಿತು.

ಸರ್ಕಾರದ ಬಾಗಿಲು ಮುಚ್ಚಿದರೂ ದಿನಗಳು ನಿಲ್ಲಲಿಲ್ಲ. ಯಾಕೆಂದರೆ ಮೂರನೆಯ ದಾರಿ ಮೊದಲಿನಿಂದಲೂ ತೆರೆದೇ ಇತ್ತು. ಯಾರೋ ಒಬ್ಬರು ಒಂದು ದಿನವನ್ನು ಹೆಸರಿಸುತ್ತಾರೆ. ಇನ್ನೊಬ್ಬರು ಅದನ್ನು ಪಟ್ಟಿಗೆ ಸೇರಿಸುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯದ ಚೇಸ್ ಸಹೋದರರು 1957ರಲ್ಲಿ ಇಂಥ ದಿನಗಳ ವಾರ್ಷಿಕ ಪಟ್ಟಿಯೊಂದನ್ನು ಅಚ್ಚು ಹಾಕಿಸಲು ಶುರುಮಾಡಿದರು. ಪತ್ರಿಕೆ, ರೇಡಿಯೋದವರು ಅದನ್ನು ನೋಡಿ "ಇವತ್ತು ಇಂಥ ದಿನ" ಅಂತ ಹೇಳುತ್ತಿದ್ದರು. 2013ರಲ್ಲಿ ನಾರ್ತ್ ಡಕೋಟಾದ ಮಾರ್ಲೋ ಆಂಡರ್ಸನ್ ಅದೇ ಕೆಲಸವನ್ನು ಇಂಟರ್ನೆಟ್ಟಿಗೆ ತಂದರು. ಅವರಿಗೆ ಈ ಹುಚ್ಚು ಹಿಡಿಸಿದ್ದು ಪಾಪ್‌ಕಾರ್ನ್ ದಿನ. ಅದು ಎಲ್ಲಿಂದ ಬಂತು ಅಂತ ಹುಡುಕಲು ಹೋಗಿ ಕ್ಯಾಲೆಂಡರನ್ನೇ ಕಟ್ಟಿದರು. ಅಲ್ಲಿ ಹೊಸ ದಿನ ಸೇರಿಸಲು ಕಂಪನಿಗಳು ಹಣ ಕೊಡುತ್ತವೆ. ಬೆಳಗ್ಗೆ ನಮಗೆ ಬರುವ ಎಷ್ಟೋ ಶುಭಾಶಯಗಳ ಬೇರು ಇಂಥ ಪಟ್ಟಿಗಳಲ್ಲಿದೆ.

ಹಾಗಾಗಿ ಅತ್ತೆಯ ಪ್ರಶ್ನೆಗೆ ನೇರ ಉತ್ತರ ಇದು: ಕೆಲವನ್ನು ಸರ್ಕಾರಗಳು ಮಾಡುತ್ತವೆ, ಬಹುಪಾಲನ್ನು ನಮ್ಮ ನಿಮ್ಮಂಥವರೇ ಮಾಡುತ್ತಾರೆ.

ಏಟು ಬಿದ್ದಾಗಿನ ಒಂದು ಕೂಗಿನಿಂದ ಹುಟ್ಟಿದ ದಿನ

ಇವುಗಳಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಕಡಲ್ಗಳ್ಳರ ದಿನದ್ದು.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಆಲ್ಬನಿ ಎಂಬ ಊರಿದೆ. 1995ರ ಜೂನ್ 6ರಂದು ಅಲ್ಲಿ ಜಾನ್ ಬಾರ್, ಮಾರ್ಕ್ ಸಮ್ಮರ್ಸ್ ಎಂಬ ಇಬ್ಬರು ಗೆಳೆಯರು ರ‍್ಯಾಕೆಟ್‌ಬಾಲ್ ಆಡುತ್ತಿದ್ದರು. ಆಟದ ನಡುವೆ ಒಬ್ಬರಿಗೆ ನೋವಾಯಿತು. "ಆರ್ರ್!" ಅಂತ ಕೂಗಿದರು. ಸಿನಿಮಾದ ಕಡಲ್ಗಳ್ಳರು ಕೂಗುವ ಹಾಗೆಯೇ ಇತ್ತು ಅದು. ಇಬ್ಬರೂ ನಕ್ಕರು. ಉಳಿದ ಆಟವನ್ನೆಲ್ಲ ಕಡಲ್ಗಳ್ಳರ ಭಾಷೆಯಲ್ಲೇ ಬೈದಾಡಿಕೊಂಡು ಆಡಿದರು. ಆಟ ಮುಗಿಯುವ ಹೊತ್ತಿಗೆ ಇದಕ್ಕೊಂದು ದಿನ ಬೇಕು ಅಂತ ತೀರ್ಮಾನವಾಗಿತ್ತು.

ಯಾವ ದಿನ? ಜೂನ್ 6 ಆಗಲಿಲ್ಲ. 1944ರ ಅದೇ ದಿನ, ಎರಡನೇ ಮಹಾಯುದ್ಧದಲ್ಲಿ, ಫ್ರಾನ್ಸಿನ ನಾರ್ಮಂಡಿಯ ಕಡಲತೀರದಲ್ಲಿ ಸಾವಿರಾರು ಸೈನಿಕರು ಜೀವ ಬಿಟ್ಟಿದ್ದರು. ಆ ನೆನಪಿನ ಮೇಲೆ ತಮಾಷೆ ಹೇರಬಾರದು ಅಂತ ಇಬ್ಬರಿಗೂ ಅನಿಸಿತು. ಸಮ್ಮರ್ಸ್ ತಮ್ಮ ಮಾಜಿ ಹೆಂಡತಿಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 19ನ್ನು ಸೂಚಿಸಿದರು. ಆ ದಿನ ಅವರ ತಲೆಯಲ್ಲಿ ಹೇಗೂ ಉಳಿದಿತ್ತು, ಬೇರೆ ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ.

ಮುಂದಿನ ಏಳು ವರ್ಷ ಇದು ಗೆಳೆಯರ ನಡುವಿನ ವಿಷಯವಾಗಿಯೇ ಉಳಿಯಿತು. 2002ರಲ್ಲಿ ಇಬ್ಬರೂ ಹಾಸ್ಯ ಅಂಕಣಕಾರ ಡೇವ್ ಬ್ಯಾರಿಗೆ ಬರೆದರು. ಅವರಿಗೆ ಇದು ಹಿಡಿಸಿತು, ತಮ್ಮ ಅಂಕಣದಲ್ಲಿ ಬರೆದರು. ಅಂಕಣ ನೂರಾರು ಪತ್ರಿಕೆಗಳಲ್ಲಿ ಬರುತ್ತಿತ್ತು. ಆ ಸೆಪ್ಟೆಂಬರಿನಿಂದ ಅದು ಲೋಕದ ದಿನವಾಯಿತು.

"ಆರ್ರ್" ಎಂಬ ಕೂಗಿಗೂ ಒಂದು ಹಿನ್ನೆಲೆ ಇದೆ. ನಿಜವಾದ ಕಡಲ್ಗಳ್ಳರು ಬೇರೆ ಬೇರೆ ದೇಶದವರು, ಅವರಿಗೆ ಒಂದೇ ಭಾಷೆ ಇರಲಿಲ್ಲ. 1950ರ ಒಂದು ಸಿನಿಮಾದಲ್ಲಿ ಕಡಲ್ಗಳ್ಳನ ಪಾತ್ರ ಮಾಡಿದ ರಾಬರ್ಟ್ ನ್ಯೂಟನ್ ಇಂಗ್ಲೆಂಡಿನ ನೈಋತ್ಯ ಭಾಗದವರು. ತಮ್ಮ ಊರಿನ ಕಡೆಯ ಒತ್ತು ಕೊಟ್ಟ 'ರ'ಕಾರದಲ್ಲೇ ಮಾತಾಡಿದರು. ಜನ ಅದನ್ನೇ ಕಡಲ್ಗಳ್ಳರ ಭಾಷೆ ಅಂದುಕೊಂಡರು. ಮೈಸೂರಿನವರೆಲ್ಲ ಸೇರಿ ಒಂದು ದಿನ "ಆರಾಮ್ ಅದೀರೇನ್ರಿ?" ಅಂತ ಧಾರವಾಡದ ಮಾತಾಡಿದರೆ ಹೇಗಿರುತ್ತದೆ? ಆ ಖುಷಿಯೇ ಈ ದಿನದ ಜೀವಾಳ. ಖರ್ಚಿಲ್ಲ, ಅಡುಗೆ ಇಲ್ಲ, ಬಾಯಿ ಇದ್ದರೆ ಆಯಿತು. ಇದು ಉಳಿದುಕೊಂಡದ್ದಕ್ಕೆ ಅದೇ ದೊಡ್ಡ ಕಾರಣ ಅಂತ ನನಗನಿಸುತ್ತದೆ. ಸುಮ್ನೆ ಹೆಸರಿಟ್ಟ ಎಷ್ಟೋ ದಿನಗಳು ಮರುವರ್ಷವೇ ಮರೆತು ಹೋಗಿವೆ, ಯಾಕೆಂದರೆ ಆ ದಿನ ಏನು ಮಾಡಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ತಾರೀಕಿನಲ್ಲೇ ಅಡಗಿರುವ ತಮಾಷೆ

ಕೆಲವು ದಿನಗಳಿಗೆ ತಾರೀಕೇ ಜೋಕು.

ಗಣಿತದ ಪೈ ಗೊತ್ತಲ್ವಾ? ಬಳೆ ತೆಗೆದುಕೊಳ್ಳಿ. ಸುತ್ತಳತೆಯನ್ನು ಅಡ್ಡಳತೆಯಿಂದ ಭಾಗಿಸಿ. ಬಂಡಿಯ ಗಾಲಿಗೆ ಹಾಗೇ ಮಾಡಿ. ದೋಸೆ ಹಂಚಿಗೆ ಮಾಡಿ. ಎಲ್ಲಕ್ಕೂ ಒಂದೇ ಸಂಖ್ಯೆ ಬರುತ್ತದೆ, 3.14159 ಅಂತ ಶುರುವಾಗಿ ಕೊನೆಯೇ ಇಲ್ಲದೆ ಸಾಗುತ್ತದೆ. ಅದೇ ಪೈ. ನಮ್ಮ ಆರ್ಯಭಟ ಕ್ರಿ.ಶ. 499ರಲ್ಲೇ 20,000 ಅಡ್ಡಳತೆಯ ವೃತ್ತಕ್ಕೆ ಸುತ್ತಳತೆ ಸುಮಾರು 62,832 ಎಂದು ಹೇಳಿದ್ದ. ಭಾಗಿಸಿದರೆ 3.1416.

ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಹಾಗಾಗಿ ಮಾರ್ಚ್ 14 ಅವರಿಗೆ 3/14. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿದ್ದ ಭೌತವಿಜ್ಞಾನಿ ಲ್ಯಾರಿ ಶಾ ಇದನ್ನು ಗಮನಿಸಿ 1988ರಲ್ಲಿ ಪೈ ದಿನ ಶುರುಮಾಡಿದರು. ಹಣ್ಣು ತುಂಬಿ ಬೇಯಿಸುವ ಒಂದು ದುಂಡನೆಯ ತಿಂಡಿಗೂ ಅಲ್ಲಿ ಪೈ ಅಂತಲೇ ಹೆಸರು. ಹಾಗಾಗಿ ಮಧ್ಯಾಹ್ನ 1 ಗಂಟೆ 59 ನಿಮಿಷಕ್ಕೆ ಎಲ್ಲರಿಗೂ ಪೈ ಹಂಚಿದರು. 3.14 ಆದ ಮೇಲೆ ಬರುವ ಅಂಕಿಗಳು 1, 5, 9. ನಮ್ಮ ಕರಾವಳಿಯಲ್ಲಾದರೆ ಪೈ ಮನೆತನದ ಹೆಸರು, ಅವರಿಗೂ ಈ ದಿನ ಸಲ್ಲಬೇಕು. 2009ರಲ್ಲಿ ಅಮೆರಿಕದ ಕೆಳಮನೆ ಪೈ ದಿನವನ್ನು ಬೆಂಬಲಿಸಿ ನಿರ್ಣಯ ಮಾಡಿತು. ಮಸೂದೆಗೆ ತಡೆ ಇತ್ತು, ಬೆಂಬಲದ ನಿರ್ಣಯಕ್ಕೆ ಇರಲಿಲ್ಲ. 2019ರಲ್ಲಿ ಯುನೆಸ್ಕೋ ಇದೇ ಮಾರ್ಚ್ 14ನ್ನು ಅಂತರರಾಷ್ಟ್ರೀಯ ಗಣಿತ ದಿನ ಎಂದು ಘೋಷಿಸಿತು. ಪೈ ತಿನ್ನುವ ನೆಪ ಮೂವತ್ತೊಂದು ವರ್ಷದಲ್ಲಿ ಲೋಕದ ಗಣಿತ ಹಬ್ಬವಾಯಿತು.

ಜಪಾನಿನವರು ಇದರಲ್ಲಿ ಎಲ್ಲರಿಗಿಂತ ಮುಂದೆ. ಅಲ್ಲಿ ಎರಡಕ್ಕೆ 'ನಿ' ಅಂತಾರೆ. ನಮ್ಮ ಬೆಕ್ಕು 'ಮಿಯಾಂವ್' ಅಂದರೆ ಅವರ ಬೆಕ್ಕು 'ನ್ಯಾನ್' ಅನ್ನುತ್ತದೆ. ಹಾಗಾಗಿ ಎರಡನೇ ತಿಂಗಳ ಇಪ್ಪತ್ತೆರಡು, 2-2-2, ಅವರ ಕಿವಿಗೆ 'ನ್ಯಾನ್ ನ್ಯಾನ್ ನ್ಯಾನ್'. 1987ರಿಂದ ಫೆಬ್ರವರಿ 22 ಅಲ್ಲಿ ಬೆಕ್ಕಿನ ದಿನ. ಅಂಕಿಯಲ್ಲಿ ಮಾತು ಹುಡುಕುವ ಈ ಆಟ ಅಲ್ಲಿ ಎಷ್ಟು ಬೇರೂರಿದೆ ಅಂದರೆ, ದಿನಗಳನ್ನು ನೋಂದಾಯಿಸಲು ಒಂದು ಸಂಘವೇ ಇದೆ.

ನವೆಂಬರ್ 11ರ ಕಥೆ ಇನ್ನೂ ಉದ್ದ. 11/11 ಎಂದು ಬರೆದರೆ ನಾಲ್ಕು ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಜಪಾನಿನಲ್ಲಿ, ದಕ್ಷಿಣ ಕೊರಿಯಾದಲ್ಲಿ ಚಾಕಲೇಟ್ ಹಚ್ಚಿದ ಕಡ್ಡಿ ಬಿಸ್ಕತ್ತಿನ ಕಂಪನಿಗಳಿಗೆ ಅದೇ ದೊಡ್ಡ ಮಾರಾಟದ ದಿನ. ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದ ಹುಡುಗರಿಗೆ 1990ರ ದಶಕದಲ್ಲಿ ಅದೇ ಅಂಕಿಗಳಲ್ಲಿ ನಾಲ್ಕು ಒಂಟಿ ಜನ ಕಂಡರು. ಮದುವೆಯಾಗದವರ ದಿನ ಅಂತ ಹೆಸರಿಟ್ಟು ಒಟ್ಟಿಗೆ ಊಟಕ್ಕೆ ಹೋದರು. 2009ರಲ್ಲಿ ಅಲಿಬಾಬಾ ಕಂಪನಿ ಆ ದಿನ ರಿಯಾಯಿತಿ ಮಾರಾಟ ಇಟ್ಟಿತು. ಈಗ ಅದು ಲೋಕದ ಅತಿ ದೊಡ್ಡ ಆನ್‌ಲೈನ್ ಖರೀದಿಯ ದಿನಗಳಲ್ಲಿ ಒಂದು. ಹಾಸ್ಟೆಲಿನ ಆ ಜೋಕು ಈಗ ಹೆಚ್ಚಿನವರಿಗೆ ನೆನಪಿಲ್ಲ ಅನ್ನೋದು ಬೇಸರದ ಸಂಗತಿ.

ಕೊರಿಯಾದವರು ಒಂಟಿ ಜನರನ್ನು ಇನ್ನೂ ಚೆನ್ನಾಗಿ ನೋಡಿಕೊಂಡಿದ್ದಾರೆ. ಅಲ್ಲಿ ಫೆಬ್ರವರಿ 14ಕ್ಕೆ ಹುಡುಗಿಯರು ಚಾಕಲೇಟ್ ಕೊಡುತ್ತಾರೆ, ಮಾರ್ಚ್ 14ಕ್ಕೆ ಹುಡುಗರು ಸಿಹಿ ಹಿಂತಿರುಗಿಸುತ್ತಾರೆ. ಎರಡೂ ದಿನ ಏನೂ ಸಿಗದವರು ಏಪ್ರಿಲ್ 14ಕ್ಕೆ ಸೇರಿ ಕಪ್ಪು ಸಾಸಿನ ನೂಡಲ್ಸ್ ತಿನ್ನುತ್ತಾರೆ. ಅದಕ್ಕೆ 'ಕಪ್ಪು ದಿನ' ಅಂತ ಹೆಸರು. ಒಬ್ಬರೇ ಕೂತು ಬೇಜಾರು ಮಾಡಿಕೊಳ್ಳುವ ಬದಲು ಹತ್ತು ಜನ ಕೂಡಿ ನಗುವ ದಾರಿ ಅದು.

ಹವಾಮಾನ ಹೇಳುವ ಪ್ರಾಣಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಂಕ್ಸಟಾನಿ ಎಂಬ ಪುಟ್ಟ ಊರಿದೆ. ಆರು ಸಾವಿರ ಜನರೂ ಇಲ್ಲ. ಫೆಬ್ರವರಿ 2ರ ಬೆಳಗಿನ ಜಾವ ಅಲ್ಲಿಗೆ ಸಾವಿರಾರು ಜನ ಚಳಿಯಲ್ಲಿ ಬರುತ್ತಾರೆ. ಗ್ರೌಂಡ್‌ಹಾಗ್ ಅಂದರೆ ಅಳಿಲಿನ ಜಾತಿಯ ದಪ್ಪನೆಯ ಬಿಲವಾಸಿ ಪ್ರಾಣಿ. ಎತ್ತರದ ಟೋಪಿ ಹಾಕಿದ ಹಿರಿಯರು ಅದನ್ನು ಹೊರಗೆ ತರುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿಗಾಲ. ಕಾಣದಿದ್ದರೆ ವಸಂತ ಬೇಗ ಬರುತ್ತದೆ.

ಬೇರು ಹಳೆಯದು. ಜರ್ಮನಿಯಲ್ಲಿ ಈ ದಿನ ಬ್ಯಾಜರ್ ಎಂಬ ಪ್ರಾಣಿಯ ನೆರಳು ನೋಡುವ ವಾಡಿಕೆ ಇತ್ತು. ಅಮೆರಿಕಕ್ಕೆ ವಲಸೆ ಬಂದ ಜರ್ಮನ್ನರು ಅಲ್ಲಿ ಸಿಕ್ಕ ಗ್ರೌಂಡ್‌ಹಾಗನ್ನೇ ಆ ಜಾಗಕ್ಕೆ ತಂದರು. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರಲ್ವಾ? ಅದೇ ರೈತರ ಕಣ್ಣು ಇಲ್ಲೂ ಇದೆ. ಪಂಕ್ಸಟಾನಿಯಲ್ಲಿ ಇದು 1887ರಿಂದ ನಡೆಯುತ್ತಿದೆ. ಪ್ರಾಣಿಯ ಹೆಸರು ಫಿಲ್. ಅಂದಿನಿಂದ ಇಂದಿನವರೆಗೂ ಇರುವುದು ಒಂದೇ ಫಿಲ್, ಅದು ವಿಶೇಷ ಕಷಾಯ ಕುಡಿದು ಬದುಕಿದೆ ಅಂತ ಊರಿನವರು ಗಟ್ಟಿಯಾಗಿ ಹೇಳುತ್ತಾರೆ. ಕೇಳುವವರೂ ನಗುತ್ತಾ ತಲೆಯಾಡಿಸುತ್ತಾರೆ. ಫಿಲ್ ಹೇಳಿದ್ದು ನಿಜವಾದದ್ದಕ್ಕಿಂತ ತಪ್ಪಾದದ್ದೇ ಜಾಸ್ತಿ. ಆದರೂ ಮರುವರ್ಷ ಜನ ಬರುತ್ತಾರೆ. ಫೆಬ್ರವರಿಯ ಚಳಿ ಅಲ್ಲಿ ಮನಸ್ಸನ್ನೂ ಕುಗ್ಗಿಸುತ್ತದೆ. ಒಟ್ಟಿಗೆ ಸೇರಲು ಅವರಿಗೊಂದು ನೆಪ ಬೇಕು.

ನಗಿಸಿಯೇ ಕೆಲಸ ಸಾಧಿಸಿದ ದಿನ

ಸಿಂಗಪುರದ ಉದ್ಯಮಿ ಜ್ಯಾಕ್ ಸಿಮ್ 2001ರ ನವೆಂಬರ್ 19ರಂದು ವಿಶ್ವ ಶೌಚಾಲಯ ಸಂಸ್ಥೆಯನ್ನು ಕಟ್ಟಿದರು. ಇಂಗ್ಲಿಷಿನಲ್ಲಿ ಅದರ ಚಿಕ್ಕ ಹೆಸರು ಡಬ್ಲ್ಯುಟಿಒ. ವಿಶ್ವ ವ್ಯಾಪಾರ ಸಂಸ್ಥೆಗೂ ಅದೇ ಹೆಸರು. ಬೇಕೆಂದೇ ಹಾಗೆ ಇಟ್ಟರು. ಜನ ನಗಲಿ, ಪತ್ರಕರ್ತರು ತಿರುಗಿ ನೋಡಲಿ ಅಂತ.

ಯಾಕೆ ಬೇಕಿತ್ತು ಆ ನಗು? ಶೌಚದ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ. ನಮ್ಮ ಭಾಷೆಯನ್ನೇ ನೋಡಿ. 'ಎರಡಕ್ಕೆ ಹೋಗೋದು', 'ಬಯಲಿಗೆ ಹೋಗೋದು', 'ಚೊಂಬು ತಗೊಂಡು ಹೋಗೋದು'. ನೇರವಾಗಿ ಹೆಸರು ಹೇಳುವುದೇ ಇಲ್ಲ. ಹೆಸರೇ ಹೇಳದ ವಿಷಯಕ್ಕೆ ಹಣ ಕೇಳುವುದು ಹೇಗೆ, ಪಂಚಾಯ್ತಿಯಲ್ಲಿ ಚರ್ಚೆ ಮಾಡುವುದು ಹೇಗೆ? ಕತ್ತಲಾಗುವ ತನಕ ಹೊಟ್ಟೆ ಹಿಡಿದುಕೊಂಡು ಕಾಯುವ ಹೆಣ್ಣುಮಕ್ಕಳ ಕಷ್ಟ ಹೀಗೆ ಮಾತಿಗೇ ಬರದೆ ಉಳಿಯುತ್ತದೆ. ಜೋಕು ಆ ಬಾಗಿಲು ತೆರೆಯಿತು. 2013ರಲ್ಲಿ ಸಿಂಗಪುರ ತಂದ ಪ್ರಸ್ತಾಪವನ್ನು ಒಪ್ಪಿ ವಿಶ್ವಸಂಸ್ಥೆ ನವೆಂಬರ್ 19ನ್ನು ವಿಶ್ವ ಶೌಚಾಲಯ ದಿನವನ್ನಾಗಿ ಮಾಡಿತು.

ನಮ್ಮ ಕಡೆಯ ನಗು

ಇಡ್ಲಿ ದಿನ ನಮ್ಮ ಪಕ್ಕದ ಚೆನ್ನೈನದು. 2015ರಲ್ಲಿ ಅಲ್ಲಿನ ಇಡ್ಲಿ ವ್ಯಾಪಾರಿ ಇನಿಯವನ್ ಶುರುಮಾಡಿದರು. ತಟ್ಟೆ ಇಡ್ಲಿಯ ಬಿಡದಿಗೂ, ಹಲಸಿನ ಎಲೆಯಲ್ಲಿ ಕೊಟ್ಟೆ ಕಡುಬು ಬೇಯಿಸುವ ಕರಾವಳಿಗೂ ಅದರಲ್ಲಿ ಪಾಲು ಇದೆ ಅಂತ ನಾನು ನಂಬಿದ್ದೇನೆ.

ವಿಶ್ವ ನಗೆ ದಿನವೂ ಭಾರತದ್ದೇ. ಮುಂಬೈನ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಐದು ಜನರ ಜೊತೆ ಪಾರ್ಕಿನಲ್ಲಿ ನಗೆಕೂಟ ಆರಂಭಿಸಿದರು. ಮೊದಲು ಜೋಕು ಹೇಳಿ ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಖಾಲಿಯಾದವು, ಇನ್ನೊಬ್ಬರನ್ನು ನೋಯಿಸುವ ಜೋಕುಗಳು ಶುರುವಾದವು. ಆಗ ಜೋಕನ್ನೇ ಬಿಟ್ಟು ಬರೀ ನಗುವುದನ್ನು ಅಭ್ಯಾಸ ಮಾಡಿಸಿದರು. 1998ರಲ್ಲಿ ಮೊದಲ ನಗೆ ದಿನ ನಡೆಯಿತು. ಈಗ ಮೇ ತಿಂಗಳ ಮೊದಲ ಭಾನುವಾರ ಅದನ್ನು ಆಚರಿಸುತ್ತಾರೆ. ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಗ್ಗೆ ಕೈ ಎತ್ತಿ 'ಹೋ ಹೋ ಹಾ ಹಾ' ಅನ್ನುವವರು ಆ ಪರಂಪರೆಯವರು.

ಆದರೆ ದಿನಾಚರಣೆ ಎಂಬ ಪದ ಬರುವ ಮೊದಲೇ ನಮ್ಮಲ್ಲಿ ನಗುವ ಹಬ್ಬಗಳಿದ್ದವು. ಕಾಮನ ಹಬ್ಬದ ಹಿಂದಿನ ದಿನಗಳಲ್ಲಿ ಹುಡುಗರು ಸೌದೆ, ಬೆರಣಿ, ಮುರಿದ ಬಾಗಿಲು ಕದಿಯುವುದು, ಬೆಳಗ್ಗೆ ಮನೆಯವರು ಗದರುತ್ತಲೇ ನಗುವುದು ಎಷ್ಟೋ ಊರುಗಳಲ್ಲಿ ನಡೆದು ಬಂದಿದೆ. ತಾಳವಾಡಿ ಬಳಿಯ ಗುಮಟಾಪುರ ತಮಿಳುನಾಡಿಗೆ ಸೇರಿದರೂ ಅಲ್ಲಿನ ಮಾತು ಕನ್ನಡ. ದೀಪಾವಳಿ ಮುಗಿಯುವ ಹೊತ್ತಿಗೆ ಅಲ್ಲಿ ಗೊರೆಹಬ್ಬ. ಊರಿನ ಸಗಣಿಯನ್ನೆಲ್ಲ ದೇವಸ್ಥಾನದ ಬಳಿ ಗುಡ್ಡೆ ಹಾಕಿ, ಪೂಜೆ ಮಾಡಿ, ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಒಬ್ಬನಿಗೆ ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಚಾಡಿಕೋರನ ವೇಷ ಹಾಕಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸುತ್ತಾರೆ. ಊರಿನಲ್ಲಿ ವರ್ಷವಿಡೀ ಓಡಾಡಿದ ಚಾಡಿ ಮಾತುಗಳೆಲ್ಲ ಆ ಒಬ್ಬನ ತಲೆಗೆ ಬೀಳುತ್ತವೆ, ಊರೆಲ್ಲ ನಗುತ್ತದೆ.

ಕತ್ತೆ ಅಂದಾಗ ವಾಟಾಳ್ ನಾಗರಾಜ್ ನೆನಪಾಗದೆ ಇರುತ್ತಾರಾ? ಪ್ರೇಮಿಗಳ ದಿನ ಬೆಂಗಳೂರಿನಲ್ಲಿ ಅವರು ಕತ್ತೆಗಳಿಗೆ ಮದುವೆ ಮಾಡಿಸಿದ್ದನ್ನು ಪತ್ರಿಕೆಯಲ್ಲಿ ನೋಡಿ ನಕ್ಕವರೆಷ್ಟೋ ಜನ.

ನಾವೇ ಒಂದು ದಿನ ಮಾಡುವುದಾದರೆ

ಈ ಕಥೆಗಳನ್ನು ಓದಿದ ಮೇಲೆ ನಮ್ಮ ಮನೆಯಲ್ಲೂ ಆಸೆ ಹುಟ್ಟಿತು. ಜಪಾನಿನವರ ಹಾಗೆ ತಾರೀಕಿನಲ್ಲಿ ಮಾತು ಹುಡುಕಿದೆವು. ಕನ್ನಡದಲ್ಲಿ ಒಂದು ಒಳ್ಳೆಯದು ಸಿಕ್ಕಿತು: 'ಮೂರಕ್ಕೆ ಇಳಿಯಲ್ಲ, ಆರಕ್ಕೆ ಏರಲ್ಲ'. ಜೂನ್ 3 ಅಂದರೆ 3/6. ಸಂಬಳ, ತೂಕ, ಕಲಿಯಲು ಶುರುಮಾಡಿದ ಕೊಳಲು, ಹೀಗೆ ಇದ್ದಲ್ಲೇ ಇರುವ ಸಂಗತಿಗಳನ್ನು ಎಲ್ಲರೂ ಹೇಳಿಕೊಂಡು ನಗುವ ದಿನ ಅದು. ಹೋದ ಸಲ ಗುಂಪಿನಲ್ಲಿ ಅತಿ ಉದ್ದದ ಪಟ್ಟಿ ಹಾಕಿದ್ದು ಅತ್ತೆಯೇ.

ಪೈ ದಿನವನ್ನೂ ನಮ್ಮದಾಗಿ ಮಾಡಿಕೊಳ್ಳಲು ಒಂದು ದಾರಿ ಇದೆ. ನಾವು ದಿನಾಂಕವನ್ನು ಮೊದಲು ಬರೆಯುತ್ತೇವೆ, ಹಾಗಾಗಿ 3/14 ನಮಗೆ ಹೊಂದುವುದಿಲ್ಲ. ಆದರೆ ಶಾಲೆಯಲ್ಲಿ ನಾವೆಲ್ಲ ಕಲಿತ ಪೈ 22/7 ಅಲ್ವಾ? ಅದು ಜುಲೈ 22. ಆ ದಿನ ಏಳು ಇಂಚು ಅಗಲದ ಒಬ್ಬಟ್ಟು ತಟ್ಟಿ, ಸುತ್ತಲೂ ದಾರ ಇಟ್ಟು ಮಕ್ಕಳ ಕೈಯಲ್ಲಿ ಅಳೆಯಿಸಿ. ಸುಮಾರು 22 ಇಂಚು ಬರುತ್ತದೆ. ಅಳತೆ ಮುಗಿದ ಮೇಲೆ ಬಿಸಿ ಆರುವ ಮೊದಲು ತುಪ್ಪ ಹಾಕಿ.